ತಮ್ಮನ ಮ್ಯಾಂಡರಿನ್ ಮೀನು

ನನ್ನ ತಮ್ಮನಿಗೆ ಉಪ್ಪುನೀರಿನ ಮೀನಿನ ಗೀಳು ಹತ್ತಿದ್ದು ಅವನ ನಲವತ್ತಮೂರನೆಯ ವಯಸ್ಸಿನಲ್ಲಿ, ಡಯಾಲಿಸಿಸ್ ಶುರುವಾಗಿ ಆರು ತಿಂಗಳಾದ ಮೇಲೆ. ಅದಕ್ಕೆ ಮೊದಲು ಅವನು ಬಾಟಲಿಯಲ್ಲಿ ಒಂದು ಗಪ್ಪಿ ಮೀನನ್ನೂ ಸಾಕಿದವನಲ್ಲ. ರಬಾಳೆಯ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಕೆಮಿಸ್ಟ್ ಆಗಿದ್ದ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿ ಕೇಳಿ ಅಮ್ಮನೇ ದಣಿದು ಸುಮ್ಮನಾಗಿದ್ದರು. ಅಪ್ಪ ಡೊಂಬಿವಲಿಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದು ತೀರಿಕೊಂಡ ಮೇಲೆ ಅಮ್ಮನೂ ತಮ್ಮನೂ ಠಾಣೆಯ ವರ್ತಕ ನಗರಕ್ಕೆ ಬಂದರು. ನಾನಾಗಲೇ ಮದುವೆಯಾಗಿ ನೆರೂಳಿಗೆ ಹೋಗಿದ್ದೆ, ಅಲ್ಲಿನ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ.

ಅಮ್ಮ ತೀರಿಕೊಂಡ ವರ್ಷವೇ ಅವನ ಕಿಡ್ನಿಗಳೂ ಕೈಕೊಟ್ಟವು. ನಡುಮನೆಯ ಕಿಟಕಿಯ ಎದುರು ಅಮ್ಮನ ಮಂಚ ಇತ್ತು. ವರ್ಷಾಂತಿಕ ಮುಗಿದ ಮೇಲೆ ಅದನ್ನು ಯಾರಿಗೋ ಕೊಟ್ಟೆವು. ಮುಂದಿನ ಬುಧವಾರ ನಾನು ಹೋದಾಗ ಆ ಜಾಗ ಹಾಗೆಯೇ ಖಾಲಿ ಬಿದ್ದಿತ್ತು. ಅವನು ಆ ಕಡೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಂಡು ಕೂತಿದ್ದ. ಒಂದು ತಿಂಗಳಲ್ಲಿ ಅಲ್ಲಿ ನಾಲ್ಕಡಿಯ ಗಾಜಿನ ಟ್ಯಾಂಕ್ ಬಂತು.

ಸೋಮವಾರ, ಬುಧವಾರ, ಶುಕ್ರವಾರ ಅವನಿಗೆ ಆಸ್ಪತ್ರೆ. ಬುಧವಾರ ನಾನು ಅರ್ಧ ದಿನ ರಜೆ ಹಾಕಿ ನೆರೂಳಿನಿಂದ ಠಾಣೆಗೆ ಟ್ರೇನ್ ಹಿಡಿದು ಅವನ ಜೊತೆ ಕೂರುತ್ತಿದ್ದೆ. ನಾಲ್ಕು ಗಂಟೆ ಅವನ ರಕ್ತ ಯಂತ್ರದೊಳಗೆ ಹೋಗಿ ಬರುತ್ತಿತ್ತು, ಅವನು ಮೊಬೈಲಿನಲ್ಲಿ ಹವಳದ ಕಲ್ಲುಗಳ ಬಗ್ಗೆ ಓದುತ್ತಿದ್ದ. ಮಾಮೂಲಿ ಕಲ್ಲಲ್ಲವಂತೆ ಅವು, ಒಳಗೆಲ್ಲ ಸಣ್ಣ ಸಣ್ಣ ತೂತುಗಳಿದ್ದು ಅದರಲ್ಲಿ ಜೀವಗಳು ಮನೆ ಮಾಡಿಕೊಂಡಿರುತ್ತವಂತೆ. ಆ ಕಲ್ಲು, ಮರಳು, ಉಪ್ಪು ಬೆರೆಸಿದ ನೀರು, ಟ್ಯಾಂಕಿನ ಕೆಳಗೆ ಇನ್ನೊಂದು ಸಣ್ಣ ತೊಟ್ಟಿ, ಅದರಲ್ಲಿ ಹಸಿರು ಪಾಚಿಯ ಒಂದು ಮುದ್ದೆ. ಡಾಕ್ಟರು ಅವನಿಗೆ ಕುಡಿಯುವ ನೀರನ್ನೂ ಅಳತೆ ಮಾಡಿ ಕೊಟ್ಟಿದ್ದರು. ಬೆಳಿಗ್ಗೆ ಒಂದು ಬಾಟಲಿ ತುಂಬಿಸಿ ಇಟ್ಟರೆ ಚಹಾ, ಸಾರು ಎಲ್ಲ ಸೇರಿ ದಿನವಿಡೀ ಅಷ್ಟರಲ್ಲೇ ಆಗಬೇಕು. "ನಂಗೆ ಮುಕ್ಕಾಲು ಲೀಟರ್, ಇವಕ್ಕೆ ಮುನ್ನೂರು" ಎಂದು ಟ್ಯಾಂಕಿನ ಮೀನುಗಳನ್ನು ತೋರಿಸಿ ನಕ್ಕಿದ್ದ ಒಮ್ಮೆ. ನನಗೆ ನಗು ಬರಲಿಲ್ಲ.

ಮ್ಯಾಂಡರಿನ್ ಮೀನನ್ನು ನಾವಿಬ್ಬರೂ ಮೊದಲು ನೋಡಿದ್ದು ಕಲ್ಯಾಣದ ಒಂದು ಅಂಗಡಿಯಲ್ಲಿ. ಒಂದು ಭಾನುವಾರ ಉಪ್ಪಿನ ಚೀಲ ತರಲು ಅವನ ಜೊತೆ ಹೋಗಿದ್ದೆ. ಮೂಲೆಯ ಸಣ್ಣ ಗಾಜಿನಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಮೀನು ಕಲ್ಲಿನ ಮೇಲೆ ನಡೆದಾಡುತ್ತಿತ್ತು. ಈಜುತ್ತಿತ್ತು ಎಂದು ಹೇಳಲಾಗದು. ಹೊಟ್ಟೆಯ ಕೆಳಗಿನ ರೆಕ್ಕೆಗಳನ್ನು ಊರಿ ಎರಡು ಹೆಜ್ಜೆ ಇಟ್ಟು, ನಿಂತು, ತಲೆ ವಾರೆ ಮಾಡಿ ಕಲ್ಲನ್ನು ನೋಡಿ, ಏನನ್ನೋ ಟಕ್ಕೆಂದು ಹೆಕ್ಕುತ್ತಿತ್ತು. ಮೈಯೆಲ್ಲ ಗಾಢ ನೀಲಿ, ಅದರ ಮೇಲೆ ಸುತ್ತಿ ಸುಳಿದ ಕಿತ್ತಳೆ ಗೆರೆಗಳು, ಹಸಿರು ಮುಖ. ಯಕ್ಷಗಾನದ ಬಣ್ಣದ ವೇಷದವನು ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಬರೆದುಕೊಂಡ ಹಾಗಿತ್ತು. ತಮ್ಮ ಅದರ ಮುಂದೆ ಬಗ್ಗಿದವನು ಏಳಲೇ ಇಲ್ಲ. ನಾನು ತಗೋ ಎಂದೆ. ಅವನು ತಲೆಯಾಡಿಸಿ ಬೇಡ ಎಂದ.

ವಾಪಸು ಬರುವಾಗ ಟ್ರೇನಿನಲ್ಲಿ ಕಾರಣ ಹೇಳಿದ. ನಾವು ಹಾಕುವ ತಿಂಡಿಯನ್ನು ಆ ಮೀನು ಮೂಸಿಯೂ ನೋಡುವುದಿಲ್ಲ. ಕಲ್ಲಿನ ಮೇಲೆ ಹರಿದಾಡುವ, ಕಣ್ಣಿಗೆ ಚುಕ್ಕೆಯ ಹಾಗೆ ಕಾಣುವ ಜೀವಂತ ಹುಳುಗಳೇ ಅದಕ್ಕೆ ಊಟ. ಪಾಡ್ ಎನ್ನುತ್ತಾರೆ ಅವನ್ನು. ಬೆಳಿಗ್ಗೆಯಿಂದ ಸಂಜೆಯವರೆಗೆ ಹೆಕ್ಕುತ್ತಲೇ ಇರಬೇಕು, ದಿನಕ್ಕೆ ಸಾವಿರಾರು. ಹೊಸ ಟ್ಯಾಂಕಿಗೆ ಬಿಟ್ಟರೆ ಮೂರು ವಾರದಲ್ಲಿ ಇದ್ದ ಹುಳುಗಳನ್ನೆಲ್ಲ ಮುಗಿಸುತ್ತದೆ, ಆಮೇಲೆ ನಮ್ಮ ಕಣ್ಣೆದುರೇ ನಿಧಾನವಾಗಿ ಉಪವಾಸ ಬಿದ್ದು ಸಾಯುತ್ತದೆ. ಟ್ಯಾಂಕಿಗೆ ಕನಿಷ್ಠ ವರ್ಷ ತುಂಬಬೇಕು, ಕಲ್ಲು ಹಳತಾಗಬೇಕು, ತಿಂದಷ್ಟೂ ಮತ್ತೆ ಹುಟ್ಟುವಷ್ಟು ಹುಳು ಇರಬೇಕು. ಅವನ ಟ್ಯಾಂಕಿಗೆ ಆಗ ಮೂರು ತಿಂಗಳು.

ಕಾಯುವುದಕ್ಕೂ ಅವನದೊಂದು ಕ್ರಮ ಇತ್ತು. ಟ್ಯಾಂಕಿನ ಪಕ್ಕದ ಗಾಜಿನಲ್ಲಿ ಪೋಸ್ಟ್ ಕಾರ್ಡಿನಷ್ಟು ಜಾಗಕ್ಕೆ ಹೊರಗಿನಿಂದ ಟೇಪು ಹಚ್ಚಿ ಚೌಕ ಮಾಡಿದ್ದ. ಉಳಿದ ಗಾಜನ್ನು ಉಜ್ಜಿದರೂ ಅಲ್ಲಿನ ಪಾಚಿಯನ್ನು ಮುಟ್ಟುತ್ತಿರಲಿಲ್ಲ. ಏಳೂವರೆಗೆ ಟ್ಯಾಂಕಿನ ದೀಪ ಆರಿದ ಮೇಲೆ ಅರ್ಧ ಗಂಟೆ ಬಿಟ್ಟು, ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ, ಭೂತಗನ್ನಡಿ ಹಿಡಿದು ಆ ಚೌಕದೊಳಗಿನ ಚುಕ್ಕೆಗಳನ್ನು ಎಣಿಸುತ್ತಿದ್ದ. ನನಗೂ ಕಲಿಸಿದ. ಓಡುವ ಬಿಳಿ ಚುಕ್ಕೆ ಪಾಡ್, ಓಡದಿದ್ದರೆ ಕಸ. ಒಂದು ದಿನ ಜಾಸ್ತಿ ಕಂಡರೆ ಸಾಲದು, ಮುಂದಿನ ವಾರವೂ ಅಷ್ಟೇ ಇರಬೇಕು, ಮುಂದಿನ ತಿಂಗಳೂ ಇರಬೇಕು. ಅದೇ ಹುಳುಗಳನ್ನು ತಿನ್ನುವ ಗೆರೆಮೀನೊಂದು ಟ್ಯಾಂಕಿನಲ್ಲಿತ್ತು. ಅದನ್ನು ಹಿಡಿಯಲು ಒಂದು ಇಡೀ ಭಾನುವಾರ ನೀರಿನ ಬಾಟಲಿ ಕತ್ತರಿಸಿ ಬೋನು ಮಾಡಿಕೊಂಡು ಕೂತ. ಸಿಕ್ಕ ಮೇಲೆ ಅಂಗಡಿಗೆ ವಾಪಸು ಕೊಟ್ಟು ಬಂದ. ಮ್ಯಾಂಡರಿನ್ ಮೀನಿಗೆ ಜಾಗ ಆಗಬೇಕಲ್ಲ, ಎಂದ. ಉಳಿದದ್ದು ಎರಡು ಕ್ಲೌನ್ ಮೀನು ಮಾತ್ರ.

ಪ್ರತಿ ಬುಧವಾರ ನಾನು ಕೇಳುತ್ತಿದ್ದೆ, ಆಯ್ತಾ ಎಂದು. "ಇಲ್ಲಕ್ಕ, ಇನ್ನೂ ಆಗ್ಲಿಲ್ಲ" ಎನ್ನುತ್ತಿದ್ದ.

ಟ್ಯಾಂಕಿಗೆ ಏಳು ತಿಂಗಳಾದಾಗ ಆಸ್ಪತ್ರೆಯಲ್ಲಿ ನನ್ನ ಪರೀಕ್ಷೆಗಳು ನಡೆದವು. ಕಿಡ್ನಿಗಾಗಿ ಅವನ ಹೆಸರು ಪಟ್ಟಿಯಲ್ಲಿತ್ತು, ಆದರೆ ಆ ಪಟ್ಟಿ ಎಷ್ಟು ಉದ್ದ ಎಂದು ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ನಮ್ಮಿಬ್ಬರದೂ ಒಂದೇ ರಕ್ತದ ಗುಂಪು. ನಾನು ಕೊಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು, ನನ್ನ ಗಂಡ ಒಂದು ಮಾತೂ ಅಡ್ಡ ಆಡಿರಲಿಲ್ಲ. ತಮ್ಮನೇ ಎರಡು ತಿಂಗಳು ಬೇಡ ಬೇಡ ಎಂದು ಕೊನೆಗೆ ಒಪ್ಪಿದ್ದ. ಒಪ್ಪಿದ ಮೇಲೆ ಅವನ ಮುಖದಲ್ಲಿ ಏನೋ ಸಡಿಲಾಗಿತ್ತು. ಮಳೆಗಾಲ ಕಳೆದು ಊರಿಗೆ ಹೋಗಿ ಬರೋಣ, ಅಲ್ಲಿ ನೀರು ದೋಸೆ ತಿಂದು ಹೊಟ್ಟೆ ತುಂಬ ನೀರು ಕುಡಿಯಬೇಕು ಎಂದೆಲ್ಲ ಹೇಳತೊಡಗಿದ್ದ.

ಆ ದಿನ ಠಾಣೆಯ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ರಿಪೋರ್ಟುಗಳನ್ನು ಎರಡು ಸಲ ನೋಡಿದರು. ಸಕ್ಕರೆ ಇದೆ, ಬಹಳ ದಿನದಿಂದ ಇರಬೇಕು, ನಿಮಗೆ ಗೊತ್ತಾಗಿಲ್ಲ ಅಷ್ಟೆ ಎಂದರು. ನನ್ನ ಕಿಡ್ನಿಗೂ ಆಗಲೇ ಸ್ವಲ್ಪ ಪೆಟ್ಟು ಬಿದ್ದಿದೆಯಂತೆ. ಕೊಡುವ ಪ್ರಶ್ನೆಯೇ ಇಲ್ಲ, ಕೊಟ್ಟರೆ ನಾಳೆ ನೀವೇ ಡಯಾಲಿಸಿಸ್ಸಿನ ಮಂಚದ ಮೇಲಿರುತ್ತೀರಿ ಎಂದರು. ಅವರು ಒಳ್ಳೆಯ ಮನುಷ್ಯ, ಮೆತ್ತಗೆ ಹೇಳಿದರು. ನಾನು ಕಾಗದಗಳನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಹೊರಗೆ ಬಂದೆ.

ಸ್ಟೇಶನ್ನಿಗೆ ಬಂದವಳು ನೆರೂಳಿನ ಗಾಡಿಯ ಪ್ಲಾಟ್‌ಫಾರ್ಮಿಗೆ ಹೋಗಬೇಕಿತ್ತು, ಇಲ್ಲವೇ ಆಟೋ ಹಿಡಿದು ವರ್ತಕ ನಗರಕ್ಕೆ. ಬರಿಗೈಯಲ್ಲಿ ಅವನ ಮುಂದೆ ಹೋಗಿ ನಿಲ್ಲುವುದನ್ನು ನೆನೆಸಿಕೊಂಡರೆ ಕಾಲು ಬರುತ್ತಿರಲಿಲ್ಲ. ಕಲ್ಯಾಣದ ಲೋಕಲ್ ಬಂತು, ಹತ್ತಿದೆ.

ಅಂಗಡಿಯವನು ಮರಾಠಿಯವನು, ತಮ್ಮನನ್ನು ಚೆನ್ನಾಗಿ ಬಲ್ಲವನು. ಮ್ಯಾಂಡರಿನ್ ಎಂದ ಕೂಡಲೇ ಅವನು ಬಲೆ ಕೈಗೆತ್ತಿಕೊಳ್ಳಲಿಲ್ಲ. ಟ್ಯಾಂಕಿಗೆ ಎಷ್ಟು ತಿಂಗಳಾಯಿತು ಎಂದು ಕೇಳಿದ. ಒಂದು ವರ್ಷದ ಮೇಲಾಯಿತು ಎಂದೆ. ಪಾಡ್ ಹೇಗಿದೆ ಎಂದು ಕೇಳಿದ. ಚೌಕದೊಳಗೆ ಎಣಿಸಲಾಗದಷ್ಟಿದೆ, ದೀಪ ಆರಿದ ಮೇಲೆ ಗಾಜೆಲ್ಲ ಬಿಳಿ ಎಂದೆ. ತಮ್ಮ ಕಲಿಸಿದ ಮಾತುಗಳೆಲ್ಲ ಸುಳ್ಳು ಹೇಳಲು ಒದಗಿದವು. ಹಿಂದಿನ ಬುಧವಾರ ಆ ಚೌಕದಲ್ಲಿ ನಾನೇ ಎಣಿಸಿದ್ದೆ, ಒಂಬತ್ತು ಇದ್ದವು.

ಪ್ಲಾಸ್ಟಿಕ್ ಚೀಲದಲ್ಲಿ ಮೀನು, ಅದರ ಸುತ್ತ ನಾಲ್ಕು ಸುತ್ತು ಪೇಪರು. ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಠಾಣೆಯ ತನಕ ಅದನ್ನು ಎದೆಗೆ ಒತ್ತಿಕೊಂಡು ನಿಂತೆ. ಪಕ್ಕದವಳೊಬ್ಬಳು ಏನದು ಎಂದಳು. ತಮ್ಮನಿಗೆ ಔಷಧಿ ಎಂದೆ.

ತಮ್ಮ ಬಾಗಿಲು ತೆರೆದು ನನ್ನ ಮುಖವನ್ನೂ ಪೇಪರಿನ ಗಂಟನ್ನೂ ನೋಡಿದ. ಮೊದಲು ರಿಪೋರ್ಟಿನ ವಿಷಯ ಹೇಳಿದೆ. ಅವನು ಹೂಂ ಎಂದ. ನನ್ನ ಸಕ್ಕರೆಯ ಅಂಕಿ ಎಷ್ಟೆಂದು ಕೇಳಿದ, ಔಷಧಿ ಬರೆದುಕೊಟ್ಟಿದ್ದಾರಾ ಎಂದು ಕೇಳಿದ. ಆಮೇಲೆ ಚೀಲ ಬಿಚ್ಚಿದ.

"ನಾಳೆ ವಾಪಸು ಕೊಟ್ಟು ಬರ್ತೇನೆ" ಎಂದೆ.

"ಬಂದದ್ದು ಬಂತು. ಇರ್ಲಿ" ಎಂದ.

ಬಕೆಟಿಗೆ ಮೀನನ್ನು ಬಿಟ್ಟು, ಟ್ಯಾಂಕಿನಿಂದ ಸಪೂರ ಪೈಪಿನಲ್ಲಿ ಹನಿ ಹನಿಯಾಗಿ ನೀರು ಬೀಳುವ ಹಾಗೆ ಮಾಡಿ, ಒಂದೂವರೆ ಗಂಟೆ ಪಕ್ಕದಲ್ಲೇ ನೆಲದ ಮೇಲೆ ಕೂತ. ಟ್ಯಾಂಕಿಗೆ ಬಿಟ್ಟಾಗ ಅದು ಮರಳಿನ ಮೇಲೆ ಎರಡು ಕ್ಷಣ ನಿಂತು, ಕಲ್ಲಿನ ಸಂದಿಗೆ ನಡೆದು ಹೋಯಿತು. ಅವನು ನಕ್ಕ. ಆ ನಗು ನೋಡಿದಾಗ ನಾನು ಮಾಡಿದ್ದು ಸರಿ ಎಂದೇ ಅನ್ನಿಸಿತು.

ಆ ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಹೇಳಿದೆ. ಅವಳು ಹುಟ್ಟಿ ಬೆಳೆದದ್ದು ನೆರೂಳಿನಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ತಟ್ಟೆಯಿಂದ ತಲೆ ಎತ್ತದೆ ಕೇಳಿದಳು, "ಪರ್ ಮಾಮಾ ನೆ ಬೋಲಾ ಥಾ ನಾ, ರೆಡಿ ನಹೀ ಹೈ?" ರೆಡಿಯಾಗಿಲ್ಲ ಎಂದು ಮಾಮ ಹೇಳಿದ್ದರಲ್ಲ, ಅಷ್ಟೇ ಅವಳ ಪ್ರಶ್ನೆ. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಮೊದಲ ಎರಡು ವಾರ ಮೀನು ದಿನವಿಡೀ ಹೆಕ್ಕಿತು. ಮೂರನೆಯ ವಾರ ಚೌಕದೊಳಗೆ ಒಂದೂ ಚುಕ್ಕೆ ಇರಲಿಲ್ಲ. ತಮ್ಮ ಅಷ್ಟರೊಳಗೆ ತಯಾರಾಗಿದ್ದ. ಪುಡಿಯ ಹಾಗೆ ಕಾಣುವ ಸೀಗಡಿಯ ಮೊಟ್ಟೆ ತರಿಸಿ, ತಲೆಕೆಳಗು ಮಾಡಿದ ಬಾಟಲಿಗಳಲ್ಲಿ ಗಾಳಿ ಬಿಟ್ಟು ದಿನವೂ ಮರಿ ಮಾಡುತ್ತಿದ್ದ. ಅವನ್ನು ಪಿಪೆಟ್ಟಿನಲ್ಲಿ ಎಳೆದುಕೊಂಡು ಮೀನಿನ ಬಾಯಿಯ ಮುಂದೆ ಬಿಡಬೇಕು. ಮೀನು ನಿಧಾನ, ನೋಡಿ ಯೋಚಿಸುವಷ್ಟರಲ್ಲಿ ಕ್ಲೌನ್ ಮೀನುಗಳು ಬಂದು ನುಂಗಿಬಿಡುತ್ತಿದ್ದವು. ಆಮೇಲೆ ಗಾಜಿನ ಲೋಟವೊಂದನ್ನು ಮರಳಿನಲ್ಲಿ ಅಡ್ಡ ಮಲಗಿಸಿ ಅದರೊಳಗೆ ಊಟ ಇಟ್ಟು ನೋಡಿದ. ನಾಲ್ಕು ದಿನ ಮೀನು ಒಳಗೆ ಹೋಗಲಿಲ್ಲ. ಐದನೆಯ ದಿನ ಹೋಯಿತು, ಏಳೆಂಟು ಮರಿ ತಿಂದಿತು. ಅವನು ನನಗೆ ಫೋನ್ ಮಾಡಿದ, ಆಫೀಸಿನಲ್ಲಿ ನಾನು ಎದ್ದು ಕಾರಿಡಾರಿಗೆ ಹೋಗಿ ಅತ್ತುಬಿಟ್ಟೆ.

ಆದರೆ ಅಷ್ಟು ಅದಕ್ಕೆ ಸಾಲುತ್ತಿರಲಿಲ್ಲ. ಡಯಾಲಿಸಿಸ್ ಮುಗಿಸಿ ಬಂದ ದಿನ ಅವನಿಗೆ ತಲೆ ಎತ್ತಲೂ ಆಗುತ್ತಿರಲಿಲ್ಲ. ಅಂಥ ದಿನವೂ ದಿಂಬು ತಂದು ಟ್ಯಾಂಕಿನ ಮುಂದೆ ಹಾಕಿಕೊಂಡು, ಒಂದು ಕೈಯಿಂದ ಸ್ಟೂಲು ಹಿಡಿದು, ಇನ್ನೊಂದು ಕೈಯಿಂದ ಪಿಪೆಟ್ಟು ಹಿಡಿಯುತ್ತಿದ್ದ. ನಾನು ವಾರಕ್ಕೆ ಮೂರು ಸಲ ಬರತೊಡಗಿದೆ. ನಾನು ಜೋರಾಗಿ ಒತ್ತಿಬಿಟ್ಟು ಮರಿಗಳೆಲ್ಲ ಚದುರುತ್ತಿದ್ದವು. ಅವನು ಬೈಯಲಿಲ್ಲ, ಇನ್ನೂ ಸ್ವಲ್ಪ ಕೆಳಗೆ, ಇನ್ನೂ ನಿಧಾನ, ಎಂದಷ್ಟೇ ಹೇಳುತ್ತಿದ್ದ. ಮೀನಿನ ಹೊಟ್ಟೆ ಒಳಕ್ಕೆ ಹೋಯಿತು. ಬದಿಯಲ್ಲಿ ಒಂದು ಗೀರು ಕಾಣತೊಡಗಿತು, ಬೆರಳಿನಿಂದ ಒತ್ತಿದ ಹಾಗೆ. ಬಣ್ಣ ಮಾತ್ರ ಕೊನೆಯವರೆಗೂ ಮಾಸಲಿಲ್ಲ.

ಏಳನೆಯ ವಾರ ಒಂದು ಬುಧವಾರ ನಾವಿಬ್ಬರೂ ಆಸ್ಪತ್ರೆಯಿಂದ ಬಂದಾಗ ಅದು ಪಂಪಿನ ಜಾಲರಿಗೆ ಅಂಟಿಕೊಂಡಿತ್ತು. ತಮ್ಮ ಅದನ್ನು ಅಂಗೈಯಲ್ಲಿ ತೆಗೆದುಕೊಂಡು ನಲ್ಲಿಯ ಕೆಳಗೆ ತೊಳೆದ. ಬಾಲ್ಕನಿಯ ತುಳಸಿ ಕುಂಡದಲ್ಲಿ ಹೂಳಿದೆವು. ಕೈತೊಳೆದು ಬಂದು ಕುರ್ಚಿಯಲ್ಲಿ ಕೂತ. ತಪ್ಪಾಯಿತು ಎಂದು ಹೇಳಲು ನಾನು ಬಾಯಿ ತೆರೆದೆ, ಅಷ್ಟರಲ್ಲಿ ಅವನೇ ಮಾತಾಡಿದ.

"ಮೊದಲ ದಿನವೇ ವಾಪಸು ಕೊಡ್ಬಹುದಿತ್ತು ಅಕ್ಕ. ನೀನು ಕೇಳಿದ್ದಿ. ಸಾಯ್ತದೆ ಅಂತ ನಂಗೆ ಗೊತ್ತಿತ್ತು. ಆದ್ರೂ ಇಟ್ಕೊಂಡೆ."

"ಯಾಕೆ?"

"ವರ್ಷ ತುಂಬುವವರೆಗೆ ನಾನು ಇರ್ತೇನಾ ಇಲ್ವಾ ಅಂತ ಕಂಡಿತು. ಅದಕ್ಕೆ. ನನ್ನ ಆಸೆಗೆ ಅದನ್ನು ಉಪವಾಸ ಕೆಡವಿದೆ."

ನಾನು ಏನೇನೋ ಹೇಳಿದೆ, ತಂದವಳು ನಾನು, ಸುಳ್ಳು ಹೇಳಿದವಳು ನಾನು ಎಂದೆಲ್ಲ. ಅವನು ಕೇಳಿಸಿಕೊಂಡ. ಕೊನೆಗೆ, ಇಬ್ಬರೂ ಸೇರಿ ಮಾಡಿದ್ದು ಎಂದು ಇಟ್ಟುಕೊಳ್ಳುವ ಎಂದು ಹೇಳಿ ಕಣ್ಣು ಮುಚ್ಚಿದ. ಆ ದಿನ ನಾನು ಅವನ ತಲೆ ಸವರಿದೆ. ಸಣ್ಣವನಿದ್ದಾಗ ಬಿಟ್ಟರೆ ಆಮೇಲೆ ಎಂದೂ ಸವರಿದ್ದಿಲ್ಲ.

ಮಾರನೆಯ ದಿನದಿಂದ ಅವನು ಲೆಕ್ಕವನ್ನು ಸೊನ್ನೆಯಿಂದ ಶುರು ಮಾಡಿದ. ಹಿಂದಿನ ತಿಂಗಳುಗಳನ್ನು ಸೇರಿಸುವ ಹಾಗಿಲ್ಲ, ಹುಳುಗಳ ಬೀಜವೇ ಮುಗಿದಿದೆ ಎಂದ. ಗೆಳೆಯರ ಹಳೆಯ ಟ್ಯಾಂಕುಗಳಿಂದ ಒಂದೊಂದು ಕಲ್ಲಿನ ತುಂಡು, ಒಂದೊಂದು ಹಿಡಿ ಪಾಚಿ ತಂದು ಹಾಕಿದ. ಕೆಳಗಿನ ತೊಟ್ಟಿಯ ಪಾಚಿಗೆ ಬೇರೆ ದೀಪ ಹಾಕಿದ. ಹೊಸ ಮೀನು ಒಂದನ್ನೂ ತರಲಿಲ್ಲ. ಅವನೀಗ ಕಾಯುವ ರೀತಿಯೇ ಬೇರೆಯಾಗಿತ್ತು. ನಾನು ಆಯ್ತಾ ಎಂದು ಕೇಳುವುದನ್ನು ಬಿಟ್ಟಿದ್ದೆ. ಅವನಾಗಿಯೇ ಹೇಳುತ್ತಿದ್ದ, ಇಪ್ಪತ್ತು ಆಯಿತು, ನಲವತ್ತು ಆಯಿತು, ಈ ವಾರ ಮತ್ತೆ ಮೂವತ್ತಕ್ಕೆ ಇಳಿಯಿತು ಎಂದು. ಕಿಡ್ನಿಯ ಪಟ್ಟಿಯಲ್ಲಿ ಅವನ ಹೆಸರು ಎಲ್ಲಿತ್ತೋ ಅಲ್ಲೇ ಇತ್ತು. ಅದರ ಬಗ್ಗೆ ಇಬ್ಬರೂ ಮಾತಾಡುತ್ತಿರಲಿಲ್ಲ.

ಹೀಗೆ ಹತ್ತು ತಿಂಗಳು ಕಳೆಯಿತು. ಒಂದು ಗುರುವಾರ ರಾತ್ರಿ ಎಂಟೂವರೆಗೆ ಅವನ ಫೋನ್ ಬಂತು. ನಾನು ಚಪಾತಿ ಲಟ್ಟಿಸುತ್ತಿದ್ದೆ, ಸ್ಪೀಕರಿಗೆ ಹಾಕಿದೆ.

"ಅಕ್ಕ, ಇವತ್ತು ಎಣಿಸ್ಲಿಕ್ಕೇ ಆಗ್ಲಿಲ್ಲ. ಅಷ್ಟು ಉಂಟು. ಹೋದ ವಾರವೂ ಹೀಗೇ ಇತ್ತು."

"ಹಾಗಾದ್ರೆ ಆಯ್ತಲ್ಲ?"

"ಆಯ್ತು ಅಂತ ಕಾಣ್ತದೆ. ಆದ್ರೂ ಇನ್ನೊಂದು ತಿಂಗಳು ನೋಡುವ. ಈ ಸಲ ಗಡಿಬಿಡಿ ಬೇಡ."

ಆಯಿತು ಎಂದೆ. ಚಪಾತಿ ಹೊತ್ತಿ ಹೋಯಿತು ಎಂದು ಫೋನ್ ಇಟ್ಟೆ.

ಮರುದಿನ ಶುಕ್ರವಾರದ ಡಯಾಲಿಸಿಸ್ ಸರಿಯಾಗಿಯೇ ಆಗಿತ್ತು. ಶನಿವಾರ, ಭಾನುವಾರ ಬಿಡುವು. ಆ ಎರಡು ದಿನ ಯಾವಾಗಲೂ ಅವನಿಗೆ ಕಷ್ಟದ್ದೇ, ಒಳಗೆ ನೀರು ತುಂಬಿಕೊಳ್ಳುತ್ತಿತ್ತು. ಭಾನುವಾರ ಬೆಳಿಗ್ಗೆ ಅವನಿಗೆ ಉಸಿರು ಕಟ್ಟತೊಡಗಿತು. ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋಗಿ ನಮಗೆ ಫೋನ್ ಮಾಡಿದರು. ನಾವು ನೆರೂಳಿನಿಂದ ಟ್ಯಾಕ್ಸಿಯಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಅವನ ಹೃದಯ ನಿಂತು ಇಪ್ಪತ್ತು ನಿಮಿಷವಾಗಿತ್ತು. ಎಡಗೈಯಲ್ಲಿ ಡಯಾಲಿಸಿಸ್ಸಿನ ಸೂಜಿ ಚುಚ್ಚಲೆಂದು ಕೂಡಿಸಿದ ರಕ್ತನಾಳ ಸದಾ ಗುಂಯ್ ಎನ್ನುತ್ತಿತ್ತು, ಬೆರಳಿಟ್ಟರೆ ತಿಳಿಯುತ್ತಿತ್ತು. ನಾನು ಬೆರಳಿಟ್ಟೆ. ಏನೂ ಇರಲಿಲ್ಲ.

ಹನ್ನೊಂದು, ಹದಿಮೂರನೆಯ ದಿನದ ಕ್ರಿಯೆಗಳೆಲ್ಲ ಮುಗಿದವು. ಟ್ಯಾಂಕ್ ಅಲ್ಲಿಯೇ ಇತ್ತು. ನಮ್ಮ ಮನೆಯಲ್ಲಿ ಅಷ್ಟು ಜಾಗವಿಲ್ಲ, ಅದರ ವಿದ್ಯೆ ನನಗೆ ಅವನಷ್ಟು ಗೊತ್ತಿಲ್ಲ. ಆದರೂ ಮೂರು ತಿಂಗಳು ಆಫೀಸು ಮುಗಿಸಿ ದಿನ ಬಿಟ್ಟು ದಿನ ಠಾಣೆಗೆ ಹೋದೆ. ಆವಿಯಾದ ನೀರಿಗೆ ನೀರು ಸೇರಿಸಿ, ಕ್ಲೌನ್ ಮೀನುಗಳಿಗೆ ತಿಂಡಿ ಹಾಕಿ, ದೀಪ ಆರಿದ ಮೇಲೆ ಕೆಂಪು ಟಾರ್ಚು ಹಿಡಿದು ನೋಡುತ್ತಿದ್ದೆ. ಗಾಜು ತುಂಬ ಬಿಳಿ ಚುಕ್ಕೆಗಳು ಓಡುತ್ತಿದ್ದವು. ಇನ್ನೊಂದು ತಿಂಗಳು ನೋಡುವ ಎಂದು ಅವನು ಹೇಳಿದ್ದನಲ್ಲ, ಆ ತಿಂಗಳು ಕಳೆದಾಗಲೂ ಹಾಗೇ ಇದ್ದವು, ಮತ್ತೊಂದು ತಿಂಗಳು ಕಳೆದಾಗಲೂ.

ಕೊನೆಗೆ ಕಲ್ಯಾಣದ ಅಂಗಡಿಗೆ ಹೋದೆ. ತಮ್ಮ ಹೋದ ವಿಷಯ ಹೇಳಿದೆ, ಅಂದು ಸುಳ್ಳು ಹೇಳಿ ಮೀನು ಒಯ್ದದ್ದನ್ನೂ ಹೇಳಿದೆ. ಅಂಗಡಿಯವನು ನನ್ನನ್ನು ಕೂರಿಸಿ ನೀರು ಕೊಟ್ಟ. ಅಂದು ಅವನಿಗೂ ಅನುಮಾನ ಬಂದಿತ್ತಂತೆ, ಆದರೂ ಮಾರಿದ್ದನಂತೆ. ಮುಂದಿನ ಭಾನುವಾರ ವರ್ತಕ ನಗರಕ್ಕೆ ಬಂದು, ಪರದೆ ಎಳೆದು ಟಾರ್ಚು ಹಿಡಿದು ಬಹಳ ಹೊತ್ತು ನೋಡಿದ. ಟ್ಯಾಂಕ್ ತಯಾರಾಗಿದೆ, ಇಂಥದ್ದರಲ್ಲಿ ಮ್ಯಾಂಡರಿನ್ ವರ್ಷಗಟ್ಟಲೆ ಬದುಕುತ್ತದೆ ಎಂದ. ನಿಮ್ಮ ತಮ್ಮನ ಹೆಸರಿನಲ್ಲಿ ಒಂದು ತಂದು ಬಿಡಲಾ, ದುಡ್ಡು ಬೇಡ ಎಂದೂ ಕೇಳಿದ.

ನಾನು ಬೇಡ ಎಂದೆ. ಮನೆ ಮಾರುವ ಮಾತು ನಡೆದಿತ್ತು, ನನ್ನ ಕಾಲು ಊದಿಕೊಳ್ಳತೊಡಗಿತ್ತು, ಇನ್ನೆಷ್ಟು ದಿನ ಹೀಗೆ ಓಡಾಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ನೋಡಿಕೊಳ್ಳುವವರಿಲ್ಲದ ಮನೆಗೆ ಮತ್ತೊಂದು ಜೀವ ತರುವಷ್ಟು ಧೈರ್ಯ ಇರಲಿಲ್ಲ.

ಡೊಂಬಿವಲಿಯಲ್ಲಿ ಒಬ್ಬ ನಿವೃತ್ತ ಟೀಚರ್ ಇದ್ದಾರೆ, ನಾಲ್ಕು ವರ್ಷದಿಂದ ಒಂದು ಮ್ಯಾಂಡರಿನ್ ಸಾಕಿದ್ದಾರೆ, ಅವರಿಗೆ ಇಂಥ ಹಳೆಯ ಕಲ್ಲು ಬೇಕಾಗಿದೆ ಎಂದ ಅಂಗಡಿಯವನು. ಕಲ್ಲುಗಳನ್ನೂ ಪಾಚಿಯನ್ನೂ ಎರಡು ಕ್ಲೌನ್ ಮೀನುಗಳನ್ನೂ ಅವನೇ ಟೆಂಪೋದಲ್ಲಿ ಅಲ್ಲಿಗೆ ಸಾಗಿಸಿದ. ಗಾಳಿ ತಾಗಿದರೆ ಒಳಗಿನ ಹುಳುಗಳು ಸಾಯುತ್ತವೆಂದು ಕಲ್ಲುಗಳನ್ನು ಅದೇ ಟ್ಯಾಂಕಿನ ನೀರು ತುಂಬಿದ ಡ್ರಮ್ಮುಗಳಲ್ಲಿ ಇಟ್ಟಿದ್ದ.

ಒಂದು ವಾರ ಬಿಟ್ಟು ಆ ಟೀಚರ್ ಕರೆದರೆಂದು ಹೋದೆ. ಮರಾಠಿಯವರು, ಒಬ್ಬರೇ ಇರುವುದು. ಟ್ಯಾಂಕಿನ ಮುಂದೆ ಸ್ಟೂಲ್ ಹಾಕಿ ಕೂರಿಸಿದರು. ತಮ್ಮನ ಕಲ್ಲುಗಳು ಎಡಗಡೆಗಿದ್ದವು, ದೊಡ್ಡದಾದ ಆ ಬಾಗಿದ ಕಲ್ಲನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಮೀನು ಅದರ ಮೇಲೆ ಎರಡು ಹೆಜ್ಜೆ ಇಟ್ಟು, ನಿಂತು, ತಲೆ ವಾರೆ ಮಾಡಿ ನೋಡಿ, ಹೆಕ್ಕಿತು. ಮತ್ತೆ ಎರಡು ಹೆಜ್ಜೆ, ಮತ್ತೆ ಹೆಕ್ಕಿತು. ಅದರ ಹೊಟ್ಟೆ ಉರುಟಾಗಿತ್ತು. ನಮ್ಮ ಮೀನನ್ನು ಹಾಗೆ ನಾನು ಒಂದು ದಿನವೂ ನೋಡಿರಲಿಲ್ಲ. ತಮ್ಮನೂ ನೋಡಲಿಲ್ಲ. ನಾನು ಅತ್ತುಬಿಟ್ಟೆ. ಚಹಾ ಮಾಡಲು ಒಳಗೆ ಹೋದ ಟೀಚರ್ ಬೇಕೆಂದೇ ತಡಮಾಡಿ ಬಂದರು. ಹೊರಡುವಾಗ ಮತ್ತೆ ಬನ್ನಿ ಎಂದರು. ಬರುತ್ತೇನೆ ಎಂದೆ. ಹೋಗಲಿಲ್ಲ, ಆಗಲಿಲ್ಲ.

ಅವರು ಪ್ರತಿ ಭಾನುವಾರ ಬೆಳಿಗ್ಗೆ ಮೊಬೈಲಿಗೆ ಮೀನಿನ ಫೋಟೋ ಕಳಿಸುತ್ತಾರೆ. ನಾನು ಕೈಮುಗಿದ ಒಂದು ಚಿತ್ರ ವಾಪಸು ಕಳಿಸುತ್ತೇನೆ, ಮಾತು ಬರೆಯಲು ಬರುವುದಿಲ್ಲ. ಕಳೆದ ಭಾನುವಾರ ಮಧ್ಯಾಹ್ನವಾದರೂ ಫೋಟೋ ಬರಲಿಲ್ಲ. ಕೇಳೋಣವೆಂದು ಎರಡು ಸಲ ಫೋನ್ ಎತ್ತಿ ಎರಡು ಸಲವೂ ಕೆಳಗಿಟ್ಟೆ. ಸಂಜೆ ಐದಕ್ಕೆ ಬಂತು. ಕಲ್ಲಿನ ಮರೆಯಲ್ಲಿ ಅರ್ಧ ಮೈ ಮಾತ್ರ ಕಾಣುತ್ತಿತ್ತು, ಚಿತ್ರವೂ ಅಲುಗಾಡಿತ್ತು. ಬೆರಳಿನಿಂದ ದೊಡ್ಡದು ಮಾಡಿ, ಹೊಟ್ಟೆ ಒಳಗೆ ಹೋಗಿಲ್ಲ ತಾನೇ ಎಂದು ನೋಡಿದೆ. ಇಲ್ಲ. ಕನ್ನಡಕ ತೆಗೆದಿಟ್ಟು ಅನ್ನಕ್ಕೆ ಅಕ್ಕಿ ತೊಳೆಯಲು ಎದ್ದೆ.